ಒಂದೇ ಗೇಮ್, ಊರಿಗೊಂದು ರೇಟ್: ಇದು ನ್ಯಾಯಾನಾ?

ಎಲ್‌ಕೆಜಿಯಿಂದ ಪಿಯುಸಿವರೆಗೆ ನಾನು ಓದಿದ್ದು ಇಂಗ್ಲಿಷ್ ಮೀಡಿಯಂ. ಹಾಗಾಗಿ ಈ ಲೇಖನದಲ್ಲಿ ಇಂಗ್ಲಿಷ್ ಪದಗಳು ಸ್ವಲ್ಪ ಜಾಸ್ತಿ ಕಾಣಬಹುದು, ಸಂಘದ ಸೀನಿಯರ್ಸ್ ಕ್ಷಮಿಸಬೇಕು. ಆದರೆ ವಿಷಯ ನಮಗೆಲ್ಲ ಗೊತ್ತಿರೋದೇ. ಹಾಸ್ಟೆಲ್‌ನಲ್ಲಿ ರಾತ್ರಿ ಹನ್ನೊಂದರ ಮೇಲೆ ಯಾವ ರೂಮಿನ ಬಾಗಿಲು ತಟ್ಟಿದರೂ ಒಳಗೆ ಒಂದು ಲ್ಯಾಪ್‌ಟಾಪ್‌ನಲ್ಲಿ ಗೇಮ್ ಓಡ್ತಾ ಇರುತ್ತೆ. ಅದಕ್ಕೆ ಎಷ್ಟು ಕೊಟ್ಟೆ ಅಂತ ಕೇಳಿದ್ರೆ ಮಾತ್ರ ಒಬ್ಬೊಬ್ಬರದು ಒಂದೊಂದು ಉತ್ತರ.

ಮೊದಲು ನನ್ನ ಪೆದ್ದುತನದ ಕಥೆ ಹೇಳಿಬಿಡ್ತೀನಿ. 2023ರ ಬೇಸಿಗೆ ರಜೆ, ಫಸ್ಟ್ ಪಿಯು ಮುಗಿದಿತ್ತು. ನನಗೆ ಬೇಕಾಗಿದ್ದ ಗೇಮ್ ಇಲ್ಲಿ ಮೂರು ಸಾವಿರದ ಹತ್ತಿರ. ಒಂದು ಗ್ರೂಪ್‌ನಲ್ಲಿ ಯಾರೋ ಒಬ್ಬ "ಟರ್ಕಿ ಕೀ, 650 ರೂಪಾಯಿ, ಗ್ಯಾರಂಟಿ" ಅಂತ ಹಾಕಿದ್ದ. ನೋಟ್ಸ್ ಜೆರಾಕ್ಸ್ ಮಾಡಿಸಬೇಕು ಅಂತ ಸುಳ್ಳು ಹೇಳಿ ಅಪ್ಪನ ಫೋನಿಂದ ಯುಪಿಐ ಮಾಡಿಸಿದೆ. ಕೀ ಬಂತು. ಹಾಕಿ ನೋಡಿದ್ರೆ, ಇದು ನಿಮ್ಮ ದೇಶದಲ್ಲಿ ನಡೆಯೋದಿಲ್ಲ ಅಂತ ಮೆಸೇಜ್. ಕೊಟ್ಟವನನ್ನು ಕೇಳಿದೆ, "ವಿಪಿಎನ್ ಹಾಕಿ ದೇಶ ಬದಲಾಯಿಸ್ಕೋ" ಅಂದ. ಇನ್ನೊಂದು ಸಲ ಕೇಳಿದೆ, ಬ್ಲಾಕ್ ಮಾಡಿದ. ಅಲ್ಲಿಗೆ 650 ರೂಪಾಯಿ ಹೋಯ್ತು. ವಿಚಿತ್ರ ಅಂದ್ರೆ ನನಗೆ ಸಿಟ್ಟು ಬಂದಿದ್ದು ಅವನ ಮೇಲಲ್ಲ. ಟರ್ಕಿಯವರಿಗೆ ಕಮ್ಮಿ, ನಮಗೆ ಜಾಸ್ತಿ, ಇದ್ಯಾವ ನ್ಯಾಯ ಅನ್ನೋದೇ ನನ್ನ ಸಿಟ್ಟು.

ಎರಡು ವರ್ಷ ಆದ ಮೇಲೆ, ಇದೇ ಹಾಸ್ಟೆಲ್‌ನಲ್ಲಿ ಕೂತು ಆನ್‌ಲೈನ್‌ನಲ್ಲಿ ಆಡ್ತಿರುವಾಗ ಟರ್ಕಿಯ ಇಜ್ಮಿರ್ ಊರಿನ ಒಬ್ಬ ಕಾಲೇಜು ಹುಡುಗ ಟೀಮಿಗೆ ಸಿಕ್ಕ. ಮಾತಿಗೆ ಮಾತು ಬಂದು ನಾನು ನಗ್ತಾ ಈ ಕಥೆ ಹೇಳಿದೆ. ಅವನು ನಗಲಿಲ್ಲ. ನಿಮ್ಮಂಥವರು ನಮ್ಮ ಅಂಗಡಿಗೆ ಬಂದು ಬಂದೇ ನಮಗೆ ಅಂಗಡಿ ಇಲ್ಲದ ಹಾಗಾಯ್ತು ಅನ್ನೋ ಅರ್ಥದಲ್ಲಿ ಏನೋ ಅಂದ. ಅಷ್ಟರಲ್ಲಿ ಮ್ಯಾಚ್ ಶುರುವಾಯ್ತು. ಮಾತು ಅಲ್ಲಿಗೆ ನಿಂತಿತು, ಆದರೆ ನನ್ನ ತಲೆಯಲ್ಲಿ ನಿಲ್ಲಲಿಲ್ಲ. ಅವನು ಹೇಳಿದ್ದು ಎಷ್ಟು ನಿಜ ಅಂತ ಲೆಕ್ಕ ಹಾಕೋಕೆ ಹೊರಟಾಗ ಕಲಿತದ್ದನ್ನು ಇಲ್ಲಿ ಬರೀತಿದ್ದೀನಿ.

1. ಮೊದಲು ನಮ್ಮ ಕ್ಲಾಸ್‌ರೂಮ್ ನೋಡೋಣ

ಒಂದೇ ವಸ್ತುವನ್ನು ಬೇರೆ ಬೇರೆ ಜನರಿಗೆ ಬೇರೆ ಬೇರೆ ಬೆಲೆಗೆ ಮಾರೋದಕ್ಕೆ ಅರ್ಥಶಾಸ್ತ್ರದಲ್ಲಿ ಪ್ರೈಸ್ ಡಿಸ್ಕ್ರಿಮಿನೇಷನ್ ಅಂತಾರೆ. ಕನ್ನಡದಲ್ಲಿ ಬೆಲೆ ತಾರತಮ್ಯ ಅನ್ನಬಹುದು. ಹೆಸರು ಕೇಳಿದ್ರೇನೇ ಏನೋ ಅನ್ಯಾಯ ಅನ್ಸುತ್ತೆ. ಆದರೆ ನಾವು ಪ್ರತಿದಿನ ಅದರೊಳಗೇ ಕೂತಿದ್ದೀವಿ.

ನಿಮ್ಮ ಬೆಂಚನ್ನೇ ನೋಡಿ. ಒಬ್ಬ ಸಿಇಟಿ ಸೀಟು, ಪಕ್ಕದವನು ಕಾಮೆಡ್-ಕೆ, ಅದರಾಚೆ ಮ್ಯಾನೇಜ್‌ಮೆಂಟ್ ಕೋಟಾ. ಮೂವರಿಗೂ ಅದೇ ಲೆಕ್ಚರರ್, ಅದೇ ಲ್ಯಾಬ್, ಅದೇ ಇಂಟರ್ನಲ್ಸ್, ಕೊನೆಗೆ ಅದೇ ಡಿಗ್ರಿ. ಫೀಸ್ ಮಾತ್ರ ಮೂರು ಥರ. ವಿದ್ಯಾರ್ಥಿ ಬಸ್ ಪಾಸ್ ಕೂಡ ಹಾಗೆಯೇ. ಒಂದೇ ಬಸ್ಸು, ಒಂದೇ ದಾರಿ, ಆದರೆ ಆಫೀಸಿಗೆ ಹೋಗೋರು ಕೊಡೋದು ಬೇರೆ, ನಾವು ಕೊಡೋದು ಬೇರೆ. ಇದನ್ನು ಯಾರೂ ಮೋಸ ಅನ್ನಲ್ಲ.

ಈ ಎರಡರಲ್ಲೂ ಒಂದು ಸಾಮಾನ್ಯ ಅಂಶ ಇದೆ, ಅದನ್ನು ನೆನಪಿಟ್ಕೊಳ್ಳಿ. ಕಡಿಮೆ ಬೆಲೆಗೆ ತಗೊಂಡವನು ಅದನ್ನು ಜಾಸ್ತಿ ಕೊಡೋವನಿಗೆ ಮಾರೋ ಹಾಗಿಲ್ಲ. ಸಿಇಟಿ ಸೀಟನ್ನು ಪಕ್ಕದವನಿಗೆ ಕೊಡೋಕಾಗಲ್ಲ. ಪಾಸ್ ಮೇಲೆ ನಮ್ಮ ಫೋಟೋ ಇರುತ್ತೆ. ಅಂದ್ರೆ ಎರಡು ಬೆಲೆಗಳ ನಡುವೆ ಒಂದು ಬೇಲಿ ಇದೆ. ಬೇಲಿ ಇಲ್ಲದೆ ಎರಡು ಬೆಲೆ ನಿಲ್ಲೋದಿಲ್ಲ. ಈ ಲೇಖನದ ಮುಖ್ಯ ಪಾಠ ಇದೇ.

2. ಕಡಿಮೆ ಬೆಲೆ ದಾನ ಅಲ್ಲ

"ಪಾಪ, ಬಡ ದೇಶ ಅಂತ ಕಂಪನಿಯವರು ನಮಗೆ ಕಮ್ಮಿಗೆ ಕೊಡ್ತಾರೆ" ಅಂತ ನಾನು ಅಂದುಕೊಂಡಿದ್ದೆ. ಹಾಗೇನಿಲ್ಲ. ಒಂದು ಊಹೆಯ ಲೆಕ್ಕ ಮಾಡೋಣ.

ಒಂದು ಹಾಸ್ಟೆಲ್ ವಿಂಗ್‌ನಲ್ಲಿ 40 ಜನ ಇದ್ದಾರೆ ಅಂತ ಇಟ್ಕೊಳ್ಳಿ. ಒಂದು ಗೇಮ್‌ಗೆ 5,000 ರೂ. ಇಟ್ಟರೆ ಒಬ್ಬ ತಗೋತಾನೆ. 2,400 ಇಟ್ಟರೆ ನಾಲ್ಕು ಜನ. 1,200 ಇಟ್ಟರೆ ಹನ್ನೊಂದು ಜನ. 500 ಇಟ್ಟರೆ ಇಪ್ಪತ್ತು ಜನ. ಈಗ ಬಂದ ದುಡ್ಡು ಗುಣಿಸಿ ನೋಡಿ:

5,000 × 1 = 5,000
2,400 × 4 = 9,600
1,200 × 11 = 13,200
500 × 20 = 10,000

ಅತಿ ಹೆಚ್ಚು ದುಡ್ಡು ಬಂದಿದ್ದು ಅತಿ ಹೆಚ್ಚು ಬೆಲೆಯಲ್ಲಿ ಅಲ್ಲ, 1,200ರಲ್ಲಿ. ಇಟ್ಟಿಗೆ, ಸಿಮೆಂಟ್ ಮಾರೋವನಿಗೆ ಈ ಲೆಕ್ಕ ಇಷ್ಟು ಸುಲಭ ಅಲ್ಲ, ಯಾಕಂದ್ರೆ ಪ್ರತಿ ಮೂಟೆಗೂ ಖರ್ಚಿದೆ. ಗೇಮ್ ಹಾಗಲ್ಲ. ಮಾಡೋಕೆ ಕೋಟಿಗಟ್ಟಲೆ ಖರ್ಚಾಗುತ್ತೆ ನಿಜ, ಆದರೆ ಮಾಡಿ ಮುಗಿದ ಮೇಲೆ ಇನ್ನೊಂದು ಕಾಪಿ ಡೌನ್‌ಲೋಡ್ ಆಗೋಕೆ ಹೆಚ್ಚುಕಮ್ಮಿ ಏನೂ ಖರ್ಚಿಲ್ಲ. ಇದನ್ನೇ ಮಾರ್ಜಿನಲ್ ಕಾಸ್ಟ್ ಸೊನ್ನೆಗೆ ಹತ್ತಿರ ಅಂತ ಹೇಳೋದು. ಹಾಗಾಗಿ ಒಂದೊಂದು ದೇಶದಲ್ಲೂ ಈ ಗುಣಾಕಾರದ ಉತ್ತರ ಎಲ್ಲಿ ದೊಡ್ಡದಾಗುತ್ತೋ ಅಲ್ಲಿ ಬೆಲೆ ಇಡೋದು ಮಾರೋವನಿಗೇ ಲಾಭ. ನಮಗೂ ಲಾಭ, 1 ಜನದ ಬದಲು 11 ಜನ ಆಡ್ತಾರೆ. ಯಾರೂ ಯಾರಿಗೂ ಉಪಕಾರ ಮಾಡಿಲ್ಲ, ಇಬ್ಬರಿಗೂ ಒಳ್ಳೇದಾಗಿದೆ.

3. ಹಾಗಾದ್ರೆ "ಇಂಡಿಯಾ ರೇಟ್" ಎಲ್ಲಿಂದ ಬರುತ್ತೆ?

ವಾಲ್ವ್ ಕಂಪನಿಯ ಸ್ಟೀಮ್ ಶುರುವಾಗಿದ್ದು 2003ರಲ್ಲಿ. ಅದರಲ್ಲಿ ರೂಪಾಯಿ ಬೆಲೆ ಬಂದಿದ್ದು 2015ರ ನವೆಂಬರ್‌ನಲ್ಲಿ. ಅದಕ್ಕೂ ಮುಂಚೆ ನಮ್ಮವರು ಡಾಲರ್‌ನಲ್ಲೇ ಕೊಡಬೇಕಿತ್ತು.

ಬೆಲೆ ಇಡೋದು ಸ್ಟೀಮ್ ಅಲ್ಲ, ಗೇಮ್ ಮಾಡಿದವರು ಅಥವಾ ಪಬ್ಲಿಷರ್. ಸ್ಟೀಮ್ ಒಂದು ಶಿಫಾರಸು ಪಟ್ಟಿ ಕೊಡುತ್ತೆ, ಡಾಲರ್‌ನಲ್ಲಿ ಇಷ್ಟಿದ್ದರೆ ರೂಪಾಯಿಯಲ್ಲಿ ಇಷ್ಟಿಡಿ ಅಂತ. ದೊಡ್ಡ ಪಬ್ಲಿಷರ್‌ಗಳು ಅದನ್ನು ಕೇಳಲೇಬೇಕು ಅಂತೇನಿಲ್ಲ. ಆದರೆ ಮೂರ್ನಾಲ್ಕು ಜನ ಸೇರಿ ಗೇಮ್ ಮಾಡೋ ಸಣ್ಣ ತಂಡಕ್ಕೆ ಮೂವತ್ತು ಚಿಲ್ಲರೆ ಕರೆನ್ಸಿಗಳನ್ನು ಕೂತು ಸ್ಟಡಿ ಮಾಡೋಕೆ ಟೈಮ್ ಎಲ್ಲಿದೆ? ಪಟ್ಟಿಯಲ್ಲಿ ಇದ್ದದ್ದನ್ನೇ ಹಾಕ್ತಾರೆ. ಹಾಗಾಗಿ ಆ ಪಟ್ಟಿ ತುಂಬ ಮುಖ್ಯ.

ಶಿಫಾರಸು ಮಾಡೋಕೆ ಎರಡು ದಾರಿ ಇದೆ. ಒಂದು, ನೇರ ಎಕ್ಸ್‌ಚೇಂಜ್ ರೇಟ್. ಡಾಲರ್‌ಗೆ 85 ರೂಪಾಯಿ ಅಂತ ಹಿಡಿದರೆ 60 ಡಾಲರ್ ಗೇಮ್ 5,100 ರೂಪಾಯಿ. ಇನ್ನೊಂದು, ಕೊಳ್ಳುವ ಶಕ್ತಿ, ಅಂದ್ರೆ ಪಿಪಿಪಿ. ನನ್ನ ಅತ್ತೆ ಮಗ ಡಲ್ಲಾಸ್‌ನಲ್ಲಿದ್ದಾನೆ. ಅಲ್ಲಿ ಮಸಾಲೆ ದೋಸೆಗೆ 12 ಡಾಲರ್ ಕೊಟ್ಟೆ ಅಂತ ಗೋಳಾಡ್ತಾನೆ. ಎಕ್ಸ್‌ಚೇಂಜ್ ರೇಟ್ ಪ್ರಕಾರ ಅದು ಸಾವಿರ ರೂಪಾಯಿ. ನಮ್ಮ ಗೇಟ್ ಎದುರಿನ ಹೋಟೆಲಿನಲ್ಲಿ ಸಾವಿರ ರೂಪಾಯಿಗೆ ಇಡೀ ಬ್ಯಾಚಿಗೆ ದೋಸೆ ಕೊಡಿಸಬಹುದು. ಅಂದ್ರೆ ಒಂದು ರೂಪಾಯಿಗೆ ಮಾರ್ಕೆಟ್‌ನಲ್ಲಿ ಸಿಗೋ ಡಾಲರೇ ಬೇರೆ, ಅದೇ ರೂಪಾಯಿಗೆ ಊರಲ್ಲಿ ಸಿಗೋ ದೋಸೆಯೇ ಬೇರೆ. ವಿಶ್ವ ಬ್ಯಾಂಕ್ ಹೀಗೆ ನೂರಾರು ವಸ್ತುಗಳನ್ನು ಹೋಲಿಸಿ ಒಂದು ಅಂಕಿ ಕೊಡುತ್ತೆ. ಭಾರತಕ್ಕೆ ಅದು ಡಾಲರ್‌ಗೆ ಸುಮಾರು 20ರಿಂದ 25 ರೂಪಾಯಿ. 22 ಅಂತ ಹಿಡಿದರೆ ಅದೇ 60 ಡಾಲರ್ ಗೇಮ್ 1,320 ರೂಪಾಯಿ ಆಗುತ್ತೆ.

ಸ್ಟೀಮ್‌ನ ಹಳೇ ಪಟ್ಟಿಯಲ್ಲಿ 60 ಡಾಲರ್‌ಗೆ ಶಿಫಾರಸು 1,299 ರೂ. ಇತ್ತು. ಪಿಪಿಪಿ ಲೆಕ್ಕಕ್ಕೆ ತೀರಾ ಹತ್ತಿರ! 2022ರ ಅಕ್ಟೋಬರ್‌ನಲ್ಲಿ ಪಟ್ಟಿ ಬದಲಾಗಿ ಅದು 2,400 ರೂ. ಆಯ್ತು. ಹತ್ತಿರ ಹತ್ತಿರ 85% ಏರಿಕೆ. ದೊಡ್ಡ ಪಬ್ಲಿಷರ್‌ಗಳು ಅದಕ್ಕೂ ಮುಂಚೆಯೇ ಪಟ್ಟಿ ಬಿಟ್ಟು ಮೇಲೆ ಹೋಗಿದ್ದರು. 2020ರ ಕೊನೆಯಲ್ಲಿ ಬಂದ ಸೈಬರ್‌ಪಂಕ್ 2077 ಅಮೆರಿಕದಲ್ಲಿ 60 ಡಾಲರ್, ಇಲ್ಲಿ 2,999 ರೂಪಾಯಿ. ಆಗಿನ ಶಿಫಾರಸಿನ ಎರಡು ಪಟ್ಟಿಗಿಂತ ಜಾಸ್ತಿ.

ಮಾರೋವನ ಕಡೆಯಿಂದಲೂ ಒಂದು ಸಲ ನೋಡೋಣ, ಯಾಕಂದ್ರೆ ನಮ್ಮಲ್ಲೇ ಎಷ್ಟೋ ಜನ ಮುಂದೆ ಗೇಮ್ ಮಾಡೋರಿದ್ದೀರಿ. ನಿಮ್ಮ ಗೇಮ್ ಇಲ್ಲಿ 480 ರೂ. ಅಂತ ಇಟ್ಕೊಳ್ಳಿ. ಅದರಲ್ಲಿ 18% ಜಿಎಸ್‌ಟಿ ಸೇರಿದೆ, ತೆಗೆದರೆ 407. ಸ್ಟೀಮ್‌ನ ಸಾಮಾನ್ಯ ಪಾಲು 30%, ತೆಗೆದರೆ 285. ಅದೇ ಗೇಮ್ ಅಮೆರಿಕದಲ್ಲಿ 10 ಡಾಲರ್ ಅಂದ್ರೆ, ಅಲ್ಲಿ ಟ್ಯಾಕ್ಸ್ ಬಿಲ್ ಮೇಲೆ ಬೇರೆಯಾಗಿ ಸೇರುತ್ತೆ, 30% ಕಳೆದು 7 ಡಾಲರ್, ಸುಮಾರು 595 ರೂಪಾಯಿ. ನೋಡೋಕೆ ನಮ್ಮ ಬೆಲೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಆದರೆ ಮಾಡಿದವನ ಕೈಗೆ ಬರೋದು ಅರ್ಧಕ್ಕಿಂತ ಕಮ್ಮಿ. ಹಾಗಾಗಿ "ಕಂಪನಿಗಳೆಲ್ಲ ದರೋಡೆ" ಅಂತ ಬೈಯೋಕೆ ಮುಂಚೆ ಈ ಲೆಕ್ಕವನ್ನೂ ನೋಡಬೇಕು.

4. ನೂರರಲ್ಲಿ ಮೂರು ಜನ

ಈಗ ಬೇಲಿಯ ವಿಷಯಕ್ಕೆ ಬರೋಣ. ಎರಡನೇ ಭಾಗದ ಅದೇ ಊಹೆಯ ಅಂಕಿಗಳನ್ನು ತಗೊಳ್ಳೋಣ. ಶ್ರೀಮಂತ ದೇಶದಲ್ಲಿ 100 ಜನ 5,000 ರೂ. ಕೊಟ್ಟು ತಗೋತಾರೆ. ನಮ್ಮ ವಿಂಗ್‌ನಲ್ಲಿ 1,200ಕ್ಕೆ 11 ಜನ.

ಬೇಲಿ ಗಟ್ಟಿಯಾಗಿದ್ದರೆ ಒಟ್ಟು ಆದಾಯ: 5,00,000 + 13,200 = 5,13,200.

ಎಲ್ಲ ಕಡೆ ಒಂದೇ ಬೆಲೆ, 5,000 ಅಂತ ಮಾಡಿದರೆ: 5,00,000 + 5,000 = 5,05,000.

ಅಂದ್ರೆ ನಮಗೆ ಬೇರೆ ಬೆಲೆ ಇಡೋದರಿಂದ ಮಾರೋವನಿಗೆ ಸಿಗೋ ಹೆಚ್ಚಿನ ಲಾಭ 8,200 ಅಷ್ಟೇ. ಈಗ ಆ ದೇಶದ ಒಬ್ಬ ವಿಪಿಎನ್ ಹಾಕಿ ನಮ್ಮ ಬೆಲೆಗೆ ತಗೊಂಡ ಅನ್ನಿ. ಮಾರೋವನಿಗೆ 5,000 ಬರೋ ಕಡೆ 1,200 ಬಂತು, 3,800 ನಷ್ಟ. ಇಬ್ಬರು ನುಗ್ಗಿದರೆ 7,600 ನಷ್ಟ, ಇನ್ನೂ ಪರವಾಗಿಲ್ಲ. ಮೂರನೆಯವನು ನುಗ್ಗಿದ ಕ್ಷಣ ನಷ್ಟ 11,400 ಆಗುತ್ತೆ, 8,200 ದಾಟಿಹೋಯ್ತು. ಈಗ ಮಾರೋವನಿಗೆ ನಮ್ಮ ಕಡಿಮೆ ಬೆಲೆಯನ್ನು ತೆಗೆದುಹಾಕೋದೇ ಜಾಣತನ.

ನೂರರಲ್ಲಿ ಮೂರು ಜನ! ಈ ಉತ್ತರ ಬಂದಾಗ ನಾನು ತಪ್ಪು ಮಾಡಿದೀನಾ ಅಂತ ಎರಡು ಸಲ ಚೆಕ್ ಮಾಡಿದೆ. ಅಂಕಿಗಳು ನನ್ನ ಊಹೆಯವು, ಆದರೆ ತತ್ವ ನಿಜ. ಶ್ರೀಮಂತ ಮಾರ್ಕೆಟ್ ತುಂಬ ದೊಡ್ಡದು, ನಮ್ಮದು ಸಣ್ಣದು ಅಂದಾಗ ಸ್ವಲ್ಪವೇ ಸೋರಿದರೂ ಸಣ್ಣ ಮಾರ್ಕೆಟ್‌ನ ಬೆಲೆ ಸಾಯುತ್ತೆ. ಮತ್ತೆ ಆ ಏಟು ಬೀಳೋದು ನುಗ್ಗಿದ ಮೂರು ಜನಕ್ಕಲ್ಲ. ಅವರು ಅವರ ಊರಿನ ಬೆಲೆಗೆ ವಾಪಸ್ ಹೋಗ್ತಾರೆ. ಬೇಲಿಯೊಳಗಿದ್ದ ಹನ್ನೊಂದು ಜನರಲ್ಲಿ ಹತ್ತು ಜನಕ್ಕೆ ಗೇಮೇ ಇಲ್ಲ.

ಇದರ ಇನ್ನೊಂದು ಮುಖವೂ ಇದೆ. ನಮ್ಮ ಕಡೆ 11ರ ಬದಲು 110 ಜನ ದುಡ್ಡು ಕೊಟ್ಟು ತಗೊಳ್ಳೋರಿದ್ದರೆ? ಒಂದೇ ಬೆಲೆ ಇಟ್ಟಾಗ 1ರ ಬದಲು 10 ಜನ ಅಂತ ಹಿಡಿಯಿರಿ. ಆಗ ಹೆಚ್ಚಿನ ಲಾಭ 82,000. ಇಪ್ಪತ್ತೊಂದು ಜನ ನುಗ್ಗಿದರೂ ನಮ್ಮ ಬೆಲೆ ಉಳಿಯುತ್ತೆ. ಅಂದ್ರೆ ನಮ್ಮ ಊರಲ್ಲಿ ಕೊಂಡು ಆಡೋರು ಹೆಚ್ಚಿದಷ್ಟೂ ಬೇಲಿ ಗಟ್ಟಿಯಾಗುತ್ತೆ. ಕ್ರ್ಯಾಕ್ ಮಾಡಿದ ಕಾಪಿಯನ್ನು ಪೆನ್‌ಡ್ರೈವ್‌ನಲ್ಲಿ ಹಂಚೋ ನಮ್ಮ ಹಾಸ್ಟೆಲ್ ಸಂಪ್ರದಾಯಕ್ಕೂ ಈ ಲೆಕ್ಕಕ್ಕೂ ಸಂಬಂಧ ಇದೆ. ನಾನು ಹೇಳಬೇಕಾಗಿಲ್ಲ.

5. ಪಠ್ಯಪುಸ್ತಕದ ಬೇಲಿ, ಕೋಡ್‌ನ ಬೇಲಿ

ನಿಮ್ಮ ಹತ್ತಿರ ವಿದೇಶಿ ಲೇಖಕರ ಟೆಕ್ಸ್ಟ್‌ಬುಕ್ ಇದ್ದರೆ ಹಿಂದಿನ ರಟ್ಟು ನೋಡಿ. ಭಾರತ ಮತ್ತು ನೆರೆಯ ಕೆಲವು ದೇಶಗಳಲ್ಲಿ ಮಾತ್ರ ಮಾರಾಟಕ್ಕೆ ಅಂತ ಎಷ್ಟೋ ಪುಸ್ತಕಗಳ ಮೇಲೆ ಬರೆದಿರುತ್ತೆ. ನಾವು ಆರೇಳು ನೂರು ರೂಪಾಯಿಗೆ ತಗೊಳ್ಳೋ ಪುಸ್ತಕ ಅಮೆರಿಕದ ವಿದ್ಯಾರ್ಥಿಗೆ ನೂರು ಡಾಲರ್ ದಾಟಬಹುದು. ಇದೂ ರೀಜನಲ್ ಪ್ರೈಸಿಂಗೇ. ಇದು ಇಲ್ಲದಿದ್ದರೆ ನಮ್ಮ ಲೈಬ್ರರಿ ಅರ್ಧ ಖಾಲಿ.

ಥಾಯ್ಲೆಂಡ್‌ನ ಸುಪಾಪ್ ಕಿರ್ಟ್‌ಸೇಂಗ್ ಅನ್ನೋ ವಿದ್ಯಾರ್ಥಿ ಅಮೆರಿಕದ ಕಾರ್ನೆಲ್‌ಗೆ ಗಣಿತ ಓದೋಕೆ ಹೋಗಿದ್ದ. ಊರಲ್ಲಿರೋ ಮನೆಯವರು, ಸ್ನೇಹಿತರಿಂದ ಕಡಿಮೆ ಬೆಲೆಯ ಪುಸ್ತಕ ತರಿಸಿ ಅಮೆರಿಕದಲ್ಲಿ ಮಾರಿದ. ಪ್ರಕಾಶಕರಾದ ವೈಲಿ ಕಂಪನಿ 2008ರಲ್ಲಿ ಕೇಸ್ ಹಾಕಿತು. ಕೆಳಗಿನ ಕೋರ್ಟಿನಲ್ಲಿ ಅವನಿಗೆ 6 ಲಕ್ಷ ಡಾಲರ್ ದಂಡ ಬಿತ್ತು. ಆದರೆ 2013ರ ಮಾರ್ಚ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 6-3ರ ಬಹುಮತದಲ್ಲಿ ಅವನ ಪರ ತೀರ್ಪು ಕೊಟ್ಟಿತು. ನ್ಯಾಯವಾಗಿ ಕೊಂಡ ಪುಸ್ತಕ ಎಲ್ಲಿ ಪ್ರಿಂಟ್ ಆಗಿದ್ದರೂ ಕೊಂಡವನು ಅದನ್ನು ಮತ್ತೆ ಮಾರಬಹುದು ಅನ್ನೋದು ಅದರ ಸಾರ.

ಗೇಮ್‌ಗೆ ಇದು ಅನ್ವಯ ಆಗಲ್ಲ. ಯಾಕಂದ್ರೆ ಸ್ಟೀಮ್‌ನಂಥ ಅಂಗಡಿಯಲ್ಲಿ ನಾವು ಗೇಮ್ ಕೊಳ್ಳೋದಿಲ್ಲ, ಆಡೋ ಲೈಸೆನ್ಸ್ ಕೊಳ್ತೀವಿ. ಮತ್ತೆ ಮಾರೋಕೆ ಕೈಯಲ್ಲಿ ಏನೂ ಇರಲ್ಲ. ಬೇಲಿ ಕಾನೂನಿನಲ್ಲಷ್ಟೇ ಅಲ್ಲ, ಕೋಡ್‌ನಲ್ಲೇ ಇದೆ. ಅಕೌಂಟಿನ ದೇಶ ಬದಲಾಯಿಸಬೇಕಾದರೆ ಆ ದೇಶದ್ದೇ ಕಾರ್ಡ್ ಅಥವಾ ಪಾವತಿ ವಿಧಾನ ಬೇಕು. 2021ರಿಂದ ಮೂರು ತಿಂಗಳಿಗೆ ಒಂದೇ ಸಲ ಬದಲಾಯಿಸಬಹುದು. ಎರಡು ದೇಶಗಳ ಬೆಲೆಯಲ್ಲಿ ಅಂತರ ಜಾಸ್ತಿ ಇದ್ದರೆ ಗಿಫ್ಟ್ ಕಳಿಸೋಕೂ ಆಗಲ್ಲ. ಡಲ್ಲಾಸ್‌ನ ಅತ್ತೆ ಮಗ "ಲೋ, ನೀನೇ ಅಲ್ಲಿಂದ ತಗೊಂಡು ನನಗೆ ಗಿಫ್ಟ್ ಮಾಡೋ" ಅಂದಾಗ ನಾನು ಇದನ್ನು ಕಂಡುಕೊಂಡೆ.

6. ಟರ್ಕಿಯಲ್ಲಿ ಆಗಿದ್ದೇನು?

ಈಗ ಇಜ್ಮಿರ್ ಹುಡುಗನ ಮಾತಿಗೆ ಬರೋಣ. 2018ರ ಆರಂಭದಲ್ಲಿ ಒಂದು ಡಾಲರ್‌ಗೆ 4 ಲಿರಾ ಕೂಡ ಇರಲಿಲ್ಲ. 2023ರ ಕೊನೆಗೆ 29 ಲಿರಾ. ಅರ್ಜೆಂಟೀನಾದ ಪೆಸೊ ಇನ್ನೂ ಜೋರಾಗಿ ಬಿತ್ತು. ಆದರೆ ಗೇಮ್‌ಗಳ ಶಿಫಾರಸು ಬೆಲೆ ಹಳೇ ರೇಟಿನಲ್ಲೇ ಕೂತಿತ್ತು. 60 ಡಾಲರ್ ಗೇಮ್‌ಗೆ ಟರ್ಕಿಯ ಶಿಫಾರಸು 92 ಲಿರಾ. 2022ರ ಅಕ್ಟೋಬರ್‌ನ ರೇಟಿನಲ್ಲಿ ಅದು ಬರೀ 5 ಡಾಲರ್!

ಇಷ್ಟು ಅಂತರ ಇದ್ದರೆ ಸುಮ್ಮನಿರ್ತಾರಾ? ಬೇರೆ ಬೇರೆ ದೇಶದವರು ಅಕೌಂಟನ್ನು ಟರ್ಕಿಗೆ, ಅರ್ಜೆಂಟೀನಾಗೆ ಬದಲಾಯಿಸೋದು ಒಂದು ಫ್ಯಾಷನ್ ಆಯ್ತು. ಹೇಗೆ ಮಾಡೋದು ಅಂತ ವಿಡಿಯೋಗಳು, ಮಾಡಿಕೊಡೋಕೆ ಏಜೆಂಟರು. ಆ ಏಜೆಂಟರಲ್ಲಿ ಒಬ್ಬ ನನ್ನ 650 ರೂಪಾಯಿ ನುಂಗಿದವನು.

2022ರ ಅಕ್ಟೋಬರ್‌ನ ಹೊಸ ಪಟ್ಟಿಯಲ್ಲಿ ಟರ್ಕಿಯ 92 ಲಿರಾ 510 ಆಯ್ತು. ಅರ್ಜೆಂಟೀನಾದ್ದೂ ಐದು ಪಟ್ಟಿಗಿಂತ ಹೆಚ್ಚಾಯ್ತು. 2023ರ ನವೆಂಬರ್ 20ಕ್ಕೆ ಸ್ಟೀಮ್ ಎರಡೂ ದೇಶಗಳಲ್ಲಿ ಸ್ಥಳೀಯ ಕರೆನ್ಸಿಯನ್ನೇ ನಿಲ್ಲಿಸಿ ಡಾಲರ್‌ಗೆ ಹೋಯ್ತು. ಆ ಪ್ರದೇಶಗಳಿಗೆ ಅಂತ ಬೇರೆಯಾಗಿ ಕಡಿಮೆ ಡಾಲರ್ ಬೆಲೆ ಇಡೋ ಅವಕಾಶ ಕೊಟ್ಟರು ನಿಜ. ಆದರೂ ಎಷ್ಟೋ ಗೇಮ್‌ಗಳ ಬೆಲೆ ರಾತ್ರೋರಾತ್ರಿ ಹಲವು ಪಟ್ಟು ಏರಿತು. ಲಿರಾದಲ್ಲಿ ಸಂಬಳ ತಗೊಳ್ಳೋ ಮನೆಯ ಹುಡುಗ ಡಾಲರ್‌ನಲ್ಲಿ ಗೇಮ್ ಕೊಳ್ಳಬೇಕಾಯ್ತು.

ನ್ಯಾಯವಾಗಿ ಹೇಳಬೇಕಂದ್ರೆ, ವಾಲ್ವ್ ಇದಕ್ಕೆ ಕೊಟ್ಟ ಕಾರಣ ಕರೆನ್ಸಿಯ ಏರಿಳಿತ. ಬೆಲೆ ನಿಗದಿ ಮಾಡೋದೇ ಕಷ್ಟ ಆಗಿತ್ತು ಅಂತ. ಲಿರಾ ಬಿದ್ದದ್ದಕ್ಕೆ ನನ್ನಂಥ ಪಿಯು ಹುಡುಗ ಕಾರಣ ಅಲ್ಲ. ಹಾಗಾಗಿ ಇಜ್ಮಿರ್ ಹುಡುಗನ ಸಿಟ್ಟು ಪೂರ್ತಿ ಸರಿ ಅಂತ ಹೇಳಲಾರೆ. ಆದರೆ ನಾಲ್ಕನೇ ಭಾಗದ ಲೆಕ್ಕ ಗೊತ್ತಿರೋವನು ಅದು ಪೂರ್ತಿ ತಪ್ಪು ಅಂತಲೂ ಹೇಳಲಾರ.

7. ಬೇಲಿಯನ್ನೇ ಕಿತ್ತುಹಾಕಿದರೆ?

"ಹಾಗಾದ್ರೆ ಬೇಲಿಯೇ ಬೇಡ, ಎಲ್ಲರಿಗೂ ಒಂದೇ ಬೆಲೆ" ಅಂತ ನನ್ನ ರೂಮ್‌ಮೇಟ್ ವಾದ. ಅವನು ಹುಬ್ಬಳ್ಳಿಯವನು. "ಅಂಗಡ್ಯಾಗ ನಿನ್ನ ಮಾರಿ ನೋಡಿ ರೇಟ್ ಹೇಳಿದ್ರ ಸುಮ್ಮನಿರ್ತೀಯೇನಲೇ?" ಅಂತ ಕೇಳಿದ. ಒಳ್ಳೇ ಪ್ರಶ್ನೆ. ಇದನ್ನು ಯುರೋಪ್ ಕೇಳಿದೆ.

ಯುರೋಪಿಯನ್ ಯೂನಿಯನ್ ಅಂದ್ರೆ ಒಂದೇ ಮಾರ್ಕೆಟ್, ಒಂದು ದೇಶದಲ್ಲಿ ಕೊಂಡದ್ದನ್ನು ಇನ್ನೊಂದರಲ್ಲಿ ಬಳಸೋ ಹಕ್ಕು ಇರಬೇಕು ಅನ್ನೋದು ಅದರ ಬುನಾದಿ. ಪೋಲೆಂಡ್, ಹಂಗೇರಿ, ರೊಮೇನಿಯಾ ಮುಂತಾದ ದೇಶಗಳಲ್ಲಿ ಮಾರಿದ ಕೆಲವು ಗೇಮ್ ಕೀಗಳು ಬೇರೆ ಕಡೆ ನಡೆಯದ ಹಾಗೆ ಲಾಕ್ ಮಾಡಿದ್ದಕ್ಕೆ 2021ರ ಜನವರಿಯಲ್ಲಿ ಯುರೋಪಿಯನ್ ಕಮಿಷನ್ ವಾಲ್ವ್‌ಗೂ ಐದು ಪಬ್ಲಿಷರ್‌ಗಳಿಗೂ ಒಟ್ಟು 78 ಲಕ್ಷ ಯೂರೋ ದಂಡ ಹಾಕಿತು. ವಾಲ್ವ್ ಕೋರ್ಟಿಗೆ ಹೋಗಿ 2023ರಲ್ಲಿ ಸೋತಿತು.

ತತ್ವವಾಗಿ ಇದು ಸರಿಯೇ. ಆದರೆ ಬೇಲಿ ಹಾಕೋ ಹಾಗಿಲ್ಲ ಅಂದ್ರೆ ಕಡಿಮೆ ಬೆಲೆ ಇಡೋಕೆ ಪಬ್ಲಿಷರ್‌ಗೆ ಏನು ಕಾರಣ ಉಳಿಯುತ್ತೆ? ಇವತ್ತು ಸ್ಟೀಮ್‌ನಲ್ಲಿ ಜರ್ಮನಿಯವನು ನೋಡೋ ಯೂರೋ ಬೆಲೆಯನ್ನೇ ರೊಮೇನಿಯಾದವನೂ ನೋಡ್ತಾನೆ, ಇಬ್ಬರ ಸಂಬಳ ಮಾತ್ರ ಒಂದೇ ಅಲ್ಲ. ಪೋಲೆಂಡ್‌ನವರಿಗೆ ಸ್ವಂತ ಕರೆನ್ಸಿ ಬೆಲೆ ಇದೆ, ಆದರೆ ಅಮೆರಿಕದವರಿಗಿಂತ ನಾವೇ ಜಾಸ್ತಿ ಕೊಡ್ತಿದ್ದೀವಿ ಅನ್ನೋದು ಅಲ್ಲಿನ ಆಟಗಾರರ ದೂರು. ಬೆಲೆ ಸಮ ಆದ ಮಾತ್ರಕ್ಕೆ ಭಾರ ಸಮ ಆಗಲಿಲ್ಲ.

8. ನನ್ನ ಉತ್ತರ

ನನ್ನ ಪ್ರಕಾರ ರೀಜನಲ್ ಪ್ರೈಸಿಂಗ್ ಅನ್ನೋದು ನ್ಯಾಯದ ಕಡೆಗೇ ಇರೋ ವ್ಯವಸ್ಥೆ. ಆದರೆ ಮೂರು ಷರತ್ತು ಹಾಕ್ತೀನಿ.

ಒಂದು, ಅಳತೆ ಸರಿ ಇರಬೇಕು. ರೂಪಾಯಿ ಬಿದ್ದಾಗಲೆಲ್ಲ ಬೆಲೆ ಏರಿಸೋದು ಸುಲಭ. ಆದರೆ ಡಾಲರ್ ಏರಿದ ದಿನ ನಮ್ಮಪ್ಪನ ಸಂಬಳ ಏರಲ್ಲ. ಎಕ್ಸ್‌ಚೇಂಜ್ ರೇಟಿಗಿಂತ ಕೊಳ್ಳುವ ಶಕ್ತಿಗೆ ಹೆಚ್ಚು ತೂಕ ಕೊಡಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ಹಾಗಂತ ಹಾಸಿಗೆ ಅಳೆಯೋ ಟೇಪು ಬೇರೆ ದೇಶದ್ದಾಗಿದ್ದರೆ ಹೇಗೆ?

ಎರಡು, ದೇಶ ಅನ್ನೋದು ಒರಟು ಅಳತೆ ಅಂತ ಒಪ್ಪಿಕೊಳ್ಳಬೇಕು. ಕೋರಮಂಗಲದಲ್ಲಿ ಫ್ಲ್ಯಾಟ್ ಇರೋವನಿಗೂ ಯಾದಗಿರಿಯಿಂದ ಬಂದು ಸ್ಕಾಲರ್‌ಶಿಪ್‌ನಲ್ಲಿ ಓದೋವನಿಗೂ ಸ್ಟೀಮ್‌ನಲ್ಲಿ ಒಂದೇ ಬೆಲೆ. ಇದನ್ನು ಸ್ವಲ್ಪ ಸರಿದೂಗಿಸೋದು ಸೇಲ್. ದುಡ್ಡಿರೋವನು ಮೊದಲ ದಿನವೇ ತಗೋತಾನೆ, ಇಲ್ಲದವನು ಕಾದು ಅರ್ಧ ಬೆಲೆಗೆ ತಗೋತಾನೆ. ಅದೂ ಒಂದು ಬೇಲಿಯೇ, ಜಾಗದ್ದಲ್ಲ, ಸಮಯದ್ದು.

ಮೂರು, ಬೇಲಿ ಕಳ್ಳನನ್ನು ತಡೀಬೇಕು, ಪ್ರಯಾಣಿಕನನ್ನಲ್ಲ. ನಮ್ಮ ಸೀನಿಯರ್ಸ್ ಎಂಎಸ್ ಮಾಡೋಕೆ ಜರ್ಮನಿಗೆ ಹೋಗ್ತಾರೆ. ಇಲ್ಲಿ ದುಡ್ಡು ಕೊಟ್ಟು ತಗೊಂಡ ಗೇಮ್ ಅಲ್ಲೂ ಓಡಬೇಕು.

ಇವೆಲ್ಲ ಕಂಪನಿಗಳು ಮಾಡಬೇಕಾದ್ದು. ನಾವು ಮಾಡಬೇಕಾದ್ದು ಒಂದೇ, ಬೇರೆಯವರ ಬೇಲಿ ಹಾರದೇ ಇರೋದು. ನಾನು ಆವತ್ತು ಟರ್ಕಿಯ ಬೆಲೆ ನೋಡಿ ನನಗೆ ಅನ್ಯಾಯ ಆಗಿದೆ ಅಂದುಕೊಂಡೆ. ನಮ್ಮ ರೂಪಾಯಿ ಬೆಲೆಯನ್ನು ಅಮೆರಿಕದವನೊಬ್ಬ ನೋಡಿ ಅದನ್ನೇ ಅಂದುಕೊಂಡು ವಿಪಿಎನ್ ಹಾಕಿದರೆ ನನಗೆ ಹೇಗನ್ನಿಸುತ್ತೆ ಅಂತ ಯೋಚಿಸಲಿಲ್ಲ. 650 ರೂಪಾಯಿ ಹೋಗಿದ್ದು ನನ್ನದು. ಆ ಕೀ ನಡೆದಿದ್ದರೆ ಹೋಗ್ತಿದ್ದದ್ದು ಆ ಹುಡುಗನದು.

ಆ ಗೇಮ್ ಇನ್ನೂ ನನ್ನ ವಿಶ್‌ಲಿಸ್ಟ್‌ನಲ್ಲೇ ಇದೆ. ಸೆಮ್ ಎಕ್ಸಾಮ್ ಮುಗಿದ ಮೇಲೆ ಸೇಲ್ ಬಂದರೆ ನಮ್ಮ ರೂಪಾಯಿ ಬೆಲೆಗೇ ತಗೋತೀನಿ. ಅಪ್ಪನಿಗೆ ಜೆರಾಕ್ಸ್ ವಿಷಯ ಇನ್ನೂ ಗೊತ್ತಿಲ್ಲ. ಈ ಲೇಖನದ ಲಿಂಕ್ ಕಳಿಸಿ ಹೇಳೋಣ ಅಂತಿದ್ದೀನಿ.

ಮಾಡಿ ನೋಡಿ

ಅ) ನಾಲ್ಕನೇ ಭಾಗದ ಲೆಕ್ಕದಲ್ಲಿ ನಮ್ಮ ಬೆಲೆಯನ್ನು 1,200ರ ಬದಲು 2,400 ಮಾಡಿ, 4 ಜನ ಕೊಳ್ತಾರೆ ಅಂತ ಇಡಿ. ಎಷ್ಟು ಜನ ನುಗ್ಗಿದರೆ ಬೇಲಿ ಮುರಿಯುತ್ತೆ? ಉತ್ತರ ನೋಡಿದ ಮೇಲೆ 2022ರ ಹೊಸ ಪಟ್ಟಿಯ ಬಗ್ಗೆ ನಿಮ್ಮ ಅಭಿಪ್ರಾಯ ಬದಲಾಗುತ್ತಾ?

ಆ) ನಿಮ್ಮ ಬೆಂಚಿನ ಮೂರು ಥರದ ಫೀಸನ್ನು ಇದೇ ಲೆಕ್ಕಕ್ಕೆ ಹಾಕಿ. ಅಲ್ಲಿ ಬೇಲಿ ಯಾವುದು, ಕಾಯೋರು ಯಾರು? ಉತ್ತರ ಬರೆದು ಸಂಘಕ್ಕೆ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಮಾತಾಡೋಣ.